ಆಲ್ಟರ್ನೇಟರ್ ಸರಿಯಾಗಿಯೇ ಇತ್ತು

ನಮ್ಮ ಮನೆತನದಲ್ಲಿ ಮಾತು ಹೊಸಿಲು ದಾಟುವ ಮೊದಲೇ ಕೈ ಬೀದಿಗೆ ಬಂದಿರುತ್ತದೆ. ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಸಿಂಗಸಂದ್ರದ ಹಳಬರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಪ್ಪ ನೀರಿನ ಟ್ಯಾಂಕರಿನವನ ಮೂಗು ಒಡೆದಿದ್ದ. ಚಿಕ್ಕಪ್ಪ ತನ್ನ ಬೀಗರನ್ನೇ ಛತ್ರದ ಮೆಟ್ಟಿಲ ಮೇಲಿಂದ ನೂಕಿದ್ದ. ನನ್ನ ಗಂಡ ನನ್ನ ಮೇಲೆ ಒಂದು ಸಲ ಕೈ ಎತ್ತಿದ. ನಾನು ಎರಡು ಸಲ ಎತ್ತಿ, ಬಟ್ಟೆಬರೆ ಕಟ್ಟಿಕೊಂಡು ತವರಿಗೆ ಬಂದುಬಿಟ್ಟೆ. ಆಮೇಲೆ ಅವನೂ ಬರಲಿಲ್ಲ, ನಾನೂ ಕರೆಯಲಿಲ್ಲ.

ಆ ಮನೆಯ ಕೊನೆಯ ಕುಡಿ ನನ್ನ ತಮ್ಮ. ಟ್ಯಾಕ್ಸಿ ಓಡಿಸುತ್ತಾನೆ. ಆಯುಧಪೂಜೆ ಕಳೆದು ಕೆಲವು ವಾರಗಳಾಗಿದ್ದವು. ಭಾನುವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಕೋಳಿ ತೊಳೆಯುತ್ತಿದ್ದಾಗ ಅವನು ಎಡಗೆನ್ನೆ ಊದಿಸಿಕೊಂಡು ಬಂದ. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಅವನ ಕಾರಿನ ಇಂಜಿನ್ ನಿಂತುಹೋಗಿತ್ತಂತೆ. ಎಷ್ಟು ಕೀಲಿ ತಿರುಗಿಸಿದರೂ ಟಿಕ್ ಟಿಕ್ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ನಿಂತ ಲಾರಿಯವನು ಹಾರ್ನ್ ಬಡಿದು ಬಡಿದು, ಕೊನೆಗೆ ಇಳಿದು ಬಂದು, ಕಿಟಕಿಯೊಳಗೆ ಕೈ ಹಾಕಿ, ಹಿಂದೆ ಕೂತಿದ್ದ ಗಿರಾಕಿಯ ಎದುರಿಗೇ ಇವನ ಕೆನ್ನೆಗೆ ಬಾರಿಸಿ ಹೋಗಿದ್ದ. ಇವನು ಇಳಿಯುವಷ್ಟರಲ್ಲಿ ಲಾರಿ ಪಕ್ಕದ ಸಾಲು ಹಿಡಿದು ಹೊರಟೇಹೋಗಿತ್ತು.

“ಇವತ್ತು ಅವನ ಕೈ ಮುರೀದೆ ಇದ್ರೆ ನಾನು ನಮ್ಮಪ್ಪನಿಗೆ ಉಟ್ಟೇ ಇಲ್ಲ” ಅಂದ.

“ಯಾರದ್ದೋ? ಆ ಲಾರಿಯವನು ಇಷ್ಟೊತ್ತಿಗೆ ಹೊಸೂರು ದಾಟಿರ್ತಾನೆ.”

“ಲಾರಿಯವನದ್ದಲ್ಲ ಕಣಕ್ಕ. ಮೇಸ್ತ್ರೀದು!”

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ ಇದು. ಮೇಸ್ತ್ರಿ ಅಂದರೆ ನಮ್ಮ ಮನೆ ಮುಂದಿನ ಮಳಿಗೆಯಲ್ಲಿ ವಾಹನಗಳ ಕರೆಂಟು ಕೆಲಸ ಮಾಡುವವನು. ಯಾದಗಿರಿ ಕಡೆಯವನು. ಮಳಿಗೆ ನಮ್ಮದು, ಅವನು ಹೆಂಡತಿ ಮಕ್ಕಳೊಂದಿಗೆ ಇರುವ ಹಿಂದಿನ ಕೋಣೆಯೂ ನಮ್ಮದು. ಹೆಂಡತಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಅವನಿಗೆ ಇದ್ದದ್ದು ಒಂದೇ ಆಸ್ತಿ, ಆ ಬಲಗೈ. ಕೂದಲಿನಷ್ಟು ಸಣ್ಣ ತಂತಿಯನ್ನು ಕನ್ನಡಕವಿಲ್ಲದೆ ಬೆಸುಗೆ ಹಾಕುತ್ತಿದ್ದ ಕೈ. ತಮ್ಮ ಡಿಕ್ಕಿಯಿಂದ ಚಕ್ರ ಬಿಚ್ಚುವ ಸ್ಪ್ಯಾನರ್ ಎಳೆದುಕೊಂಡು ಆ ಕೈಯನ್ನು ಹುಡುಕಿಕೊಂಡು ಹೊರಟ.

ಇವನ ಸಿಟ್ಟಿಗೆ ಹಿಂದಿನ ಕಥೆ ಒಂದಿದೆ. ಹಬ್ಬ ಆದ ಮೇಲೆ ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಶುರುಮಾಡಿತ್ತು. ಬ್ಯಾಟರಿ ಹೊಸದು. ಹಾಗಾದರೆ ಆಲ್ಟರ್ನೇಟರೇ ಹೋಗಿದೆ ಅಂತ ಇವನೇ ತೀರ್ಮಾನ ಮಾಡಿದ. ಇಂಜಿನ್ನಿನ ಬೆಲ್ಟಿನ ಜೊತೆ ತಾನೂ ತಿರುಗಿ, ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ ಅದು. ಕಾರನ್ನು ಮೇಸ್ತ್ರಿಯ ಹತ್ತಿರ ಬಿಟ್ಟು, ಬೇರೆ ಆಲ್ಟರ್ನೇಟರ್ ಹಾಕಿಸಿದ. ಮೇಸ್ತ್ರಿ ಬ್ಯಾಟರಿಯನ್ನೂ ಚಾರ್ಜರಿಗೆ ಹಾಕಿ ತುಂಬಿಸಿ ಕೊಟ್ಟಿದ್ದ. ಕಾರು ಕೆಲವು ದಿನ ರಾಜನ ಹಾಗೆ ಓಡಿತು. ಈಗ ಸಿಗ್ನಲ್ಲಿನಲ್ಲಿ ನಿಂತಿತು, ಕಪಾಳಕ್ಕೆ ಬಿತ್ತು, ಮೇಸ್ತ್ರಿ ಯಾವುದೋ ಗುಜರಿಯ ಸಾಮಾನಿಗೆ ಬಣ್ಣ ಹೊಡೆದು ಹಾಕಿ ಮೋಸ ಮಾಡಿದ ಅಂತ ಇವನ ತಲೆಯಲ್ಲಿ ಕೂತುಬಿಟ್ಟಿತು.

ಕೋಳಿಯನ್ನು ಹಾಗೇ ಬಿಟ್ಟು, ಕೈ ತೊಳೆಯದೆ ಓಡಿದೆ. ಅಮ್ಮ ಒಳಗಿಂದ “ಗಂಡಸ್ರ ಜಗಳಕ್ಕೆ ನೀನ್ಯಾಕೆ ಓಯ್ತೀಯೇ” ಅಂತ ಕೂಗುತ್ತಿದ್ದಳು.

ನಾನು ಹೋಗುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು. ಮೇಸ್ತ್ರಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯುತ್ತಿತ್ತು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿದ್ದ ತಮ್ಮನ ಇಬ್ಬರು ಸ್ನೇಹಿತರಲ್ಲಿ ಒಬ್ಬ ಅವನ ಕತ್ತಿನ ಪಟ್ಟಿ ಹಿಡಿದು ಮೇಜಿಗೆ ಒತ್ತಿದ್ದ. ಇನ್ನೊಬ್ಬ ಅವನ ಬಲಗೈಯನ್ನು ಮೇಜಿನ ತುದಿಯ ಕಬ್ಬಿಣದ ವೈಸಿನೊಳಗೆ ತೂರಿಸಿ, ತಿರುಪು ತಿರುಗಿಸುತ್ತಿದ್ದ. ಕೊಳವೆಗಳನ್ನು ಕಚ್ಚಿ ಹಿಡಿಯುವ ಅದರ ಎರಡು ದವಡೆಗಳ ನಡುವೆ ಬೆರಳುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಪಕ್ಕದ ಟೀ ಅಂಗಡಿಯವರು, ಶಿಫ್ಟ್ ಮುಗಿಸಿ ಬಸ್ಸಿಳಿದವರು, ಎಲ್ಲರೂ ಬಂದು ನಿಂತಿದ್ದರು. ಹೆಚ್ಚಿನವರು ನಮ್ಮ ಬೀದಿಯ ಬಾಡಿಗೆಯವರು. ಸ್ಥಳೀಯರ ಜಗಳದಲ್ಲಿ ಬಾಡಿಗೆಯವರು ಬಾಯಿ ಬಿಡುವುದಿಲ್ಲ.

“ಅಣ್ಣಾರ, ನೀವ ಹೇಳಿದ್ರಲ್ರಿ ಬದಲಿ ಮಾಡಂತ” ಅಂತ ಮೇಸ್ತ್ರಿ ಅಳುತ್ತಿದ್ದ. “ನಾ ಟೆಸ್ಟ್ ಮಾಡಿ ನೋಡ್ತೀನಿ ಅಂದ್ರ ಟೈಮಿಲ್ಲ ಅಂದ್ರಿ.”

“ನನ್ಗೇ ಎದುರುತ್ತರ ಕೊಡ್ತೀಯ?” ತಮ್ಮ ಅವನ ಬೆನ್ನಿಗೆ ಒದ್ದ. ವೈಸಿನಲ್ಲಿ ಸಿಕ್ಕಿದ ಕೈ ಬಿಟ್ಟು ಉಳಿದ ಮೈಯೆಲ್ಲ ಕುಸಿಯಿತು.

ನಾನು ಹೋಗಿ ತಮ್ಮನ ಊದಿದ ಕೆನ್ನೆಯ ಮೇಲೆಯೇ ಒಂದು ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಸಮಾಧಾನ ಮಾಡಲು ಅಂತ ಹೋದವಳು ಹೊಡೆದೇ ಶುರುಮಾಡಿದೆ. ಅವನು ಸ್ಪ್ಯಾನರ್ ಎತ್ತಿದ. ನಾನು ಕದಲಲಿಲ್ಲ.

“ಹೊಡಿಯೋ, ಧೈರ್ಯ ಇದ್ರೆ ಹೊಡಿ. ಆಮೇಲೆ ಕೇಳು. ನಾನು ದಿನಾ ಮಾಡೋ ಕೆಲ್ಸ ಏನು? ಹೇಳು!”

ಎತ್ತಿದ ಸ್ಪ್ಯಾನರ್ ಇಳಿಯಿತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಮದುವೆಗೆ ಮೊದಲಿಂದಲೂ ನಾನು ಆಲ್ಟರ್ನೇಟರಿನ ಒಳಗಿನ ತಾಮ್ರದ ತಂತಿ ಸುತ್ತುತ್ತಿದ್ದವಳು. ಈಗ ತಯಾರಾದವನ್ನು ಪರೀಕ್ಷೆ ಮಾಡಿ ಹೊರಗೆ ಬಿಡುವ ಬೆಂಚಿನಲ್ಲಿದ್ದೇನೆ. ಯಾವುದು ಸತ್ತಿದೆ, ಯಾವುದು ಬದುಕಿದೆ ಅಂತ ಮೀಟರು ಹಿಡಿದು ನೋಡುವುದೇ ನನ್ನ ಅನ್ನ. ಆದರೂ ಈ ಮಹಾಶಯ ಆಲ್ಟರ್ನೇಟರ್ ಬದಲಾಯಿಸುವಾಗ ಮನೆಯಲ್ಲೇ ಇದ್ದ ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಹೆಂಗಸನ್ನು ಕೇಳಿದರೆ ಮೀಸೆ ಉದುರುತ್ತದಲ್ಲ!

“ನಾನು ಟೆಸ್ಟ್ ಮಾಡ್ತೀನಿ, ಎಲ್ಲರ ಮುಂದೆ. ಇವನು ಹಾಕಿದ್ದು ಡಮ್ಮಿ ಅಂತಾದ್ರೆ ನಾನು ನಿನ್ನ ದಾರೀಲಿ ನಿಲ್ಲಲ್ಲ. ಸರಿ ಇದ್ರೆ ಕೈ ಬಿಡ್ಬೇಕು. ಈಗ ವೈಸ್ ಬಿಚ್ಚು.”

“ಟೆಸ್ಟ್ ಆಗೋಗಂಟ ಬಿಚ್ಚಲ್ಲ” ಅಂದ ತಮ್ಮ. “ಮಾಡು, ಅದೇನ್ ಮಾಡ್ತೀಯೋ ಮಾಡು. ಸಾಮಾನು ಸರಿ ಇದ್ರೆ ನಾನೇ ಬಿಡ್ತೀನಿ.”

ಜನರೆಲ್ಲ ಕೇಳಿಸಿಕೊಂಡರು. ನಾನೂ ನಂಬಿದೆ.

ಗೋಡೆಯ ಗೂಟಕ್ಕೆ ನೇತುಹಾಕಿದ್ದ ಮೇಸ್ತ್ರಿಯ ಮೀಟರು ತೆಗೆದುಕೊಂಡೆ. ಅಂಗಡಿಯ ಬೇರೆ ಬ್ಯಾಟರಿಯಿಂದ ದಪ್ಪ ತಂತಿ ಕೊಟ್ಟು ಇಂಜಿನ್ ಸ್ಟಾರ್ಟ್ ಮಾಡಿ, ತಂತಿ ಕಿತ್ತೆ. ಹೆಡ್‌ಲೈಟು, ಎಸಿ ಎಲ್ಲಾ ಹಾಕಿಸಿದೆ. ಭಾರ ಹೊರಿಸದೆ ಎತ್ತಿನ ಶಕ್ತಿ ತಿಳಿಯುವುದಿಲ್ಲ. ಹಿಂದೆ ಮೇಸ್ತ್ರಿ ಉಸಿರಿಗೊಂದು ಸಲ “ಯವ್ವಾ” ಅನ್ನುತ್ತಿದ್ದ.

ಮೊದಲು ಆಲ್ಟರ್ನೇಟರಿನ ಬೆನ್ನಿನ ದಪ್ಪ ನಟ್ಟಿಗೆ ಒಂದು ಮೊನೆ, ಅದರ ಮೈಗೆ ಇನ್ನೊಂದು ಮೊನೆ ಇಟ್ಟೆ. ಹದಿನಾಲ್ಕು ವೋಲ್ಟು ದಾಟಿತು. ಅಂದರೆ ಆರೋಗ್ಯವಾಗಿದೆ, ಹುಟ್ಟಿಸಬೇಕಾದ್ದನ್ನು ಹುಟ್ಟಿಸುತ್ತಿದೆ. “ನೋಡ್ಕೋ” ಅಂತ ತಮ್ಮನ ಮುಖಕ್ಕೆ ಹಿಡಿದೆ. ನಂತರ ಅದೇ ಮೀಟರನ್ನು ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೆ ಇಟ್ಟೆ. ಹನ್ನೆರಡು ಕೂಡ ಸರಿಯಾಗಿ ಇರಲಿಲ್ಲ. ಅಲ್ಲಿಂದ ಹೊರಟದ್ದು ಇಲ್ಲಿಗೆ ಮುಟ್ಟುತ್ತಿಲ್ಲ. ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ. ಒಂದು ಮೊನೆಯನ್ನು ಪ್ಲಸ್ ಗೂಟಕ್ಕೆ, ಇನ್ನೊಂದನ್ನು ಅದನ್ನು ತಬ್ಬಿಕೊಂಡ ಹಿತ್ತಾಳೆ ಪಟ್ಟಿಗೆ ಮುಟ್ಟಿಸಿದೆ. ಒಂದಕ್ಕೊಂದು ಅಂಟಿಕೊಂಡಿರುವ ಜಾಗ, ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಎರಡು ವೋಲ್ಟಿಗಿಂತ ಜಾಸ್ತಿ ತೋರಿಸಿತು. ಕಳ್ಳ ಅಲ್ಲೇ ಕೂತಿದ್ದ.

ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಪಟ್ಟಿಯ ನಟ್ಟು ಸಡಿಲಿಸಿ ಮೇಲಕ್ಕೆ ಎಳೆದೆ.

ಒಳಗೆ ಕುಂಕುಮ! ಗೂಟದ ಸುತ್ತ ಎಣ್ಣೆಯಲ್ಲಿ ಕಲಸಿದ ಕುಂಕುಮ, ವಿಭೂತಿ, ಎಲ್ಲಾ ಕಾದು ಕಾದು ಹೆಂಚಿಗೆ ಹತ್ತಿದ ಹಿಟ್ಟಿನಂತೆ ಗಟ್ಟಿಯಾಗಿತ್ತು. ಮಧ್ಯೆ ಮಧ್ಯೆ ಹಸಿರು ಕಿಲುಬು. ನಮ್ಮ ಕಾರ್ಖಾನೆಯಲ್ಲೂ ಆಯುಧಪೂಜೆ ಜೋರಾಗಿಯೇ ಆಗುತ್ತದೆ. ಆದರೆ ಯಂತ್ರದ ಮೈಗೆ ಎಷ್ಟು ಬೇಕಾದರೂ ಬೊಟ್ಟಿಡಿ, ಕರೆಂಟು ಹರಿಯುವ ತುದಿಗೆ ಇಡಬೇಡಿ ಅಂತ ಸೂಪರ್‌ವೈಸರ್ ಹಬ್ಬದ ದಿನ ಬೆಂಚು ಬೆಂಚಿಗೂ ಬಂದು ಬೈದು ಹೋಗುತ್ತಾನೆ. ನನ್ನ ತಮ್ಮ ಈ ವರ್ಷ ಭಕ್ತಿ ಉಕ್ಕಿ, ಪಟ್ಟಿಯನ್ನೇ ಬಿಚ್ಚಿ, ಗೂಟಕ್ಕೆ ಸುತ್ತಲೂ ಮೆತ್ತಿ, ಅದರ ಮೇಲೆಯೇ ಪಟ್ಟಿ ಬಿಗಿದಿದ್ದ.

“ನೀನು ಇದನ್ನ ನೋಡ್ಲಿಲ್ವೇನಯ್ಯಾ?” ಅಂತ ಮೇಸ್ತ್ರಿಯನ್ನು ಕೇಳಿದೆ. ಸಿಟ್ಟು ಅವನ ಮೇಲೂ ಬಂದಿತ್ತು.

“ಮ್ಯಾಲ ಕಂಡಿತ್ರಿ ಅಕ್ಕಾರ. ದೇವರ ಕುಂಕುಮ ಅಳಿಸಬಾರದಲ್ರಿ. ಅದೂ ಮಾಲಕರ ಮನೀದು. ಮೈನಸ್ ಬಿಚ್ಚಿ ಕೆಲಸ ಮುಗಸಿದೆ, ಪ್ಲಸ್ ಪಟ್ಟಿ ಬಿಚ್ಚಲೇ ಇಲ್ರಿ.” ಅವನು ಮೂಗಿನಿಂದ ಇಳಿದದ್ದನ್ನು ಹೆಗಲಿಗೆ ಒರೆಸಿಕೊಂಡ. “ಹಳೇ ಆಲ್ಟರ್ನೇಟರನೂ ಆಮ್ಯಾಲ ತಿರುಗಿಸಿ ನೋಡಿದೆ. ಅದೂ ಚಲೋನ ಐತ್ರಿ. ಹೇಳಾಕ ಹೆದರಿದೆ.”

ಹಳೆಯದು ಮೂಲೆಯಲ್ಲಿ ಬಿದ್ದಿತ್ತು. ಚೆನ್ನಾಗಿದ್ದದ್ದನ್ನು ಕಿತ್ತು, ಚೆನ್ನಾಗಿರುವುದನ್ನು ಹಾಕಿ, ಒಬ್ಬನ ಹುಬ್ಬು ಒಡೆದು, ಇಷ್ಟೆಲ್ಲ ಒಂದು ಚಿಟಿಕೆ ಕುಂಕುಮಕ್ಕೆ. ನನಗೆ ಬಾಯಿ ಕಟ್ಟಲು ಬರುವುದಿಲ್ಲ. ತಿರುಗಿ ನಿಂತು ಜೋರಾಗಿಯೇ ಹೇಳಿದೆ. “ಆಲ್ಟರ್ನೇಟರ್ ಹೋಗಿಲ್ಲ ಕಣೋ. ನಿನ್ನ ತಲೆ ಹೋಗಿರೋದು. ಅದನ್ನ ಬದಲಾಯ್ಸು!”

ಟೀ ಅಂಗಡಿಯ ಕಡೆಯಿಂದ ಒಬ್ಬ ಕಿಸಕ್ಕಂದ. ಆಮೇಲೆ ಇನ್ನೊಬ್ಬ. “ಗುರು, ಬ್ಯಾಟ್ರಿಗೆ ಅರಿಶಿನ ಸ್ನಾನಾನೂ ಮಾಡ್ಸಿದ್ಯಾ?” ಅಂತ ಕೇಳಿದವನು ತಮ್ಮನ ಸ್ನೇಹಿತನೇ, ವೈಸಿನ ತಿರುಪು ಹಿಡಿದು ನಿಂತವನು. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಜನ ಗೊಳ್ಳೆಂದರು. ನಾನೂ ನಕ್ಕೆ. ಗೆದ್ದೆ ಅನ್ನಿಸಿತ್ತು. ವೈಸಿನ ಹಿಡಿಗೆ ಕೈ ಹಾಕಲು ಎರಡು ಹೆಜ್ಜೆ ಇಟ್ಟೆ.

ತಮ್ಮ ನಗುವವರನ್ನು ಒಂದು ಸುತ್ತು ನೋಡಿದ. ಲಾರಿಯವನ ಏಟು ಬಿದ್ದಾಗ ಅವನ ಮುಖ ಹೇಗಿತ್ತೋ ನಾನು ಕಾಣೆ, ಈಗಿನದನ್ನು ಕಂಡೆ. ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎತ್ತಿ, ವೈಸಿನಿಂದ ಹೊರಗೆ ಚಾಚಿದ್ದ ಆ ಬೆರಳುಗಳ ಮೇಲೆ ಇಳಿಸಿದ.

ಸದ್ದು ಸಣ್ಣದು. ಮೇಸ್ತ್ರಿ ಕೂಗಲೂ ಇಲ್ಲ, ಬಾಯಿ ತೆರೆದುಕೊಂಡೇ ಇತ್ತು. ತಮ್ಮ ಎರಡನೇ ಸಲ ಎತ್ತುವಷ್ಟರಲ್ಲಿ ನಾನು ಅವನ ಮೊಣಕೈ ಕೆಳಗೆ ಹಲ್ಲು ಊರಿದ್ದೆ. ಬಿಡಲಿಲ್ಲ. ಅವನ ರಕ್ತ ನನ್ನ ಬಾಯಲ್ಲಿ ಉಪ್ಪುಪ್ಪಾಗಿ ತುಂಬಿತು. ಅವನು ಝಾಡಿಸಿದ ರಭಸಕ್ಕೆ ಕಾರಿನ ಮುಂದಿನ ತುದಿಗೆ ಹೋಗಿ ಬಡಿದೆ, ತುಟಿ ಒಡೆದು, ಮುಂಬಲ್ಲು ಅರ್ಧ ಮುರಿದು ನಾಲಿಗೆ ಮೇಲೆ ಬಿತ್ತು. ಎದ್ದವಳ ಕೈಗೆ ಸಿಕ್ಕಿದ್ದು ಮೂಲೆಯ ಹಳೇ ಆಲ್ಟರ್ನೇಟರು. ತಬ್ಬಿ ಎತ್ತಿ ಅವನ ಪಾದದ ಮೇಲೆ ಹಾಕಿದೆ. ಬಿದ್ದ. ಬಿದ್ದವನ ಎದೆಗೆ ಒದೆಯಲು ಕಾಲೆತ್ತಿದಾಗ ಜನ ನನ್ನನ್ನು ಹಿಡಿದುಕೊಂಡರು. ಬಾಡಿಗೆಯವರಿಗೆ ಆಗ ಕೈ ಬಂದಿತ್ತು. ಒಂದೈದು ನಿಮಿಷ ಮುಂಚೆ ಬಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ವೈಸ್ ಬಿಚ್ಚಿ ಕೈ ಹೊರತೆಗೆದವಳು ನಾನೇ. ಅದನ್ನು ಬರೆಯಲಾರೆ.

ಆಸ್ಪತ್ರೆಯಲ್ಲಿ ವೈದ್ಯರು ಎರಡು ಬೆರಳು ಮಡಚುವುದು ಕಷ್ಟ ಅಂದರು. ಮೇಸ್ತ್ರಿಯ ಹೆಂಡತಿ ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು, ಸಿಮೆಂಟು ಮೆತ್ತಿದ ಕಾಲಲ್ಲಿ. ಅವಳು ಯಾರನ್ನೂ ಬೈಯಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತು, ಸೆರಗಿನ ತುದಿಯನ್ನು ಕಚ್ಚಿಕೊಂಡಿದ್ದಳು. ಅವಳು ಬೈದಿದ್ದರೆ ನನಗೆ ಸುಖವಾಗುತ್ತಿತ್ತು.

ಚಿಕ್ಕಪ್ಪ ಬಂದವನೇ ನನ್ನನ್ನು ತಿರುಗಿಯೂ ನೋಡದೆ ಮೇಸ್ತ್ರಿಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡ. ದನಿ ಬೆಣ್ಣೆ.

“ಆಗಿದ್ದು ಆಗೋಯ್ತು. ಆಸ್ಪತ್ರೆ ಖರ್ಚೆಲ್ಲ ನಮ್ದು. ಪೊಲೀಸ್ರು ಬರ್ತಾರೆ, ಇಂಜಿನ್ ಓಡ್ವಾಗ ಬೆಲ್ಟಿಗೆ ಕೈ ಸಿಕ್ತು ಅನ್ನು. ಈ ಕೆಲ್ಸದಲ್ಲಿ ಅಂಗೆಲ್ಲ ಆಗ್ತದೆ. ಅಂಗಡಿ ಇಲ್ಲೇ ಐತೆ, ಮನೆ ಇಲ್ಲೇ ಐತೆ, ಮಕ್ಳ ಸ್ಕೂಲು ಇಲ್ಲೇ ಐತೆ. ಏನಂತೀಯ?”

ಮೇಸ್ತ್ರಿ ತಲೆಯಾಡಿಸಿದ. ಏನು ಮಾಡುತ್ತಾನೆ? ಕೈಯನ್ನಂತೂ ತೆಗೆದುಕೊಂಡರು, ಈಗ ಅದನ್ನು ತೆಗೆದುಕೊಂಡವರು ಯಾರು ಅನ್ನುವುದನ್ನೂ ಅವನ ಬಾಯಿಂದಲೇ ಕಿತ್ತುಕೊಳ್ಳುತ್ತಿದ್ದಾರೆ.

ಮನೆಯಲ್ಲಿ ಅಮ್ಮ ನನ್ನ ಜುಟ್ಟು ಹಿಡಿದು ಗೋಡೆಗೆ ಗುದ್ದಿದಳು. “ನೀನು ನಗಾಡಿದ್ದಕ್ಕೆ ಅವನು ಒಡ್ದ. ನೀನು ಸುಮ್ಕಿದ್ರೆ ನಾಕು ಬೈದು ಬಿಡ್ತಿದ್ದ. ಈಗ ಒಡಹುಟ್ಟಿದವನ್ನ ಜೈಲಿಗೆ ಆಕ್ತೀಯಾ?” ಹೆತ್ತವರಿಗೆ ಹೆಗ್ಗಣ ಮುದ್ದು, ಗೊತ್ತು. ಅಮ್ಮನ ಮೇಲೆ ಮಾತ್ರ ನಾನು ಕೈ ಎತ್ತಲಿಲ್ಲ. ಆದರೆ ಅವಳ ಮಾತು ಗಾಯಕ್ಕಿಂತ ಹೆಚ್ಚು ಉರಿಯಿತು, ಯಾಕೆಂದರೆ ನಾವು ನಕ್ಕದ್ದು ನಿಜ. ಎಲ್ಲರ ಮುಂದೆ ಮೀಟರು ಹಿಡಿದು ತೋರಿಸದೆ ಇದ್ದಿದ್ದರೆ? ಈಗಲೂ ಯೋಚಿಸುತ್ತೇನೆ, ಈಗಲೂ ಸಿಟ್ಟೇ ಬರುತ್ತದೆ. ಸತ್ಯ ಗೊತ್ತಾದರೆ ಹೊಡೆಯುವವನು ನಿಲ್ಲುತ್ತಾನೆ ಅಂತ ನನಗೆ ಯಾರು ಹೇಳಿದ್ದರು?

ಆಸ್ಪತ್ರೆಯವರು ಮೇಸ್ತ್ರಿಗೆ ಪಟ್ಟಿ ಕಟ್ಟಿ ಕಳಿಸಿದ ಮೇಲೆ ಪೊಲೀಸರು ಎಲ್ಲರನ್ನೂ ಠಾಣೆಗೆ ಕರೆಸಿದರು. ತಮ್ಮ ಕುಂಟುತ್ತಾ ಬಂದ. ಚಿಕ್ಕಪ್ಪ ಬಿಳಿ ಅಂಗಿ ಹಾಕಿಕೊಂಡು, ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯಲ್ಲಿ ಮನೆಯವನ ಹಾಗೆ ಕೂತ. ಮೇಸ್ತ್ರಿ, ಅವನ ಹೆಂಡತಿ ಗೋಡೆಯ ಪಕ್ಕ ನಿಂತರು. ಅಮ್ಮ ನನ್ನ ತೋಳು ಹಿಡಿದುಕೊಂಡೇ ಇದ್ದಳು.

“ಇಂಜಿನ್ ಓಡ್ತಿದ್ದಾಗ ಬೆಲ್ಟಿಗೆ ಕೈ ಸಿಕ್ತು. ಹಂಗೇನಾ?” ಅಂತ ಇನ್‌ಸ್ಪೆಕ್ಟರ್ ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ನೆಲ ನೋಡುತ್ತಾ “ಹೌದ್ರಿ” ಅಂದ.

“ಅಲ್ಲೇ ಇದ್ದಿದ್ದು ನೀವಾ ಅಮ್ಮ? ನೀವೇನಂತೀರಿ?”

ಅಮ್ಮನ ಉಗುರು ತೋಳಿನೊಳಗೆ ಇಳಿಯಿತು. ಮುರಿದ ಹಲ್ಲಿನಿಂದ ಗಾಳಿ ಸೋರುತ್ತಿತ್ತು, ಆದರೂ ಒಂದೊಂದು ಅಕ್ಷರ ಬಿಡಿಸಿ ಹೇಳಿದೆ.

“ಬೆಲ್ಟ್ ತಿರುಗ್ತಾ ಇರ್ಲಿಲ್ಲ ಸಾರ್. ಪಟ್ಟಿ ಬಿಚ್ಚೋಕೆ ಅಂತ ಇಂಜಿನ್ ನಿಲ್ಸಿದ್ದು ನಾನು. ಕೈ ವೈಸಲ್ಲಿತ್ತು. ಹೊಡೆದದ್ದು ಇವನು, ನನ್ನ ತಮ್ಮ. ಇವನ ಕಾಲು ಮುರಿಯೋ ಹಂಗೆ ಮಾಡಿದ್ದು ನಾನು. ಎರಡೂ ಬರ್ಕೊಳ್ಳಿ.”

ಚಿಕ್ಕಪ್ಪ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. “ತಲೆ ಕೆಟ್ಟದೆ ಸಾರ್ ಇವಳಿಗೆ! ಗಂಡನ್ನ ಬಿಟ್ಟೋಳು!” ತಮ್ಮ ನನ್ನತ್ತ ನುಗ್ಗಿ ಬಂದ, ಕಾನ್‌ಸ್ಟೆಬಲ್ ಅವನ ಎದೆಗೆ ಲಾಠಿ ಅಡ್ಡ ಹಿಡಿದ. ಅಮ್ಮ ಅಲ್ಲೇ, ಅಷ್ಟೂ ಜನರ ಎದುರಿಗೆ, ನನ್ನ ಬಾಯಿಗೆ ಹೊಡೆದಳು. ತುಟಿ ಮತ್ತೆ ಒಡೆಯಿತು.

ಇನ್‌ಸ್ಪೆಕ್ಟರ್ ಮೇಜು ಗುದ್ದಿ ಎಲ್ಲರನ್ನೂ ಸುಮ್ಮನಾಗಿಸಿದರು. ಮೇಸ್ತ್ರಿಯ ಕಡೆ ತಿರುಗಿದರು. “ನೀನು ಬೆಲ್ಟ್ ಅಂತೀಯ. ಈಯಮ್ಮ ಇಂಜಿನ್ನೇ ಆಫ್ ಇತ್ತು ಅಂತಾರೆ. ಯಾವುದಯ್ಯಾ ನಿಜ?”

ಮೇಸ್ತ್ರಿ ಮೊದಲು ಚಿಕ್ಕಪ್ಪನನ್ನು ನೋಡಿದ. ಆಮೇಲೆ ನನ್ನ ಬಾಯಿಂದ ಇಳಿಯುತ್ತಿದ್ದ ರಕ್ತ ನೋಡಿದ. ಪಕ್ಕದಲ್ಲಿದ್ದ ಹೆಂಡತಿ ಬಾಯಿಂದ ಸೆರಗು ತೆಗೆದು, ಅವನ ಪಟ್ಟಿ ಕಟ್ಟಿದ ಕೈಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಹೇಳ್ರಿ” ಅಂದಳು. ಆ ಭಾನುವಾರದ ಮೇಲೆ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

“ಗಾಡಿ ಬಂದ್ ಇತ್ರಿ ಸಾಹೇಬ್ರ” ಅಂದ ಮೇಸ್ತ್ರಿ, ತಮ್ಮನ ಕಡೆ ತಿರುಗಿ. “ಇವ್ರ ಹೊಡದ್ರು.”